ಲಿನಕ್ಸ್‌ನಲ್ಲಿ ಜಿಯೋಸರ್ವರ್: ಹಾಕುವುದು ಹತ್ತು ನಿಮಿಷ, ಎಲ್ಲಿ ಹಾಕುತ್ತೀರಿ ಅನ್ನುವುದೇ ಮುಖ್ಯ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಿಯೋಸರ್ವರ್ ಬಗ್ಗೆ ಇರುವವೇ ಜಾಸ್ತಿ. ಅದಕ್ಕೇ ಬೇರೆಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ಹಿಡಿದಿದ್ದೇನೆ. ಹೊಸಬರಿಗಾಗಿ ಒಂದೆರಡು ಮಾತು. ಇದು ಜಾವಾದಲ್ಲಿ ಬರೆದ ಮುಕ್ತ ತಂತ್ರಾಂಶ, 2001ರಲ್ಲಿ ಶುರುವಾಗಿದ್ದು. ನಿಮ್ಮ ಹತ್ತಿರ ಇರುವ ಶೇಪ್‌ಫೈಲ್, ಪೋಸ್ಟ್‌ಜಿಐಎಸ್ ಟೇಬಲ್, ಜಿಯೋಟಿಫ್ ಚಿತ್ರ ಇಂಥ ನಕ್ಷೆಯ ಡೇಟಾವನ್ನೆಲ್ಲ ಓದಿ, ಕೇಳಿದವರಿಗೆ ಡಬ್ಲ್ಯುಎಂಎಸ್ ಮೂಲಕ ನಕ್ಷೆಯ ಚಿತ್ರವಾಗಿಯೋ ಡಬ್ಲ್ಯುಎಫ್‌ಎಸ್ ಮೂಲಕ ಡೇಟಾ ಆಗಿಯೋ ಕೊಡುತ್ತದೆ. ಪತ್ರಿಕೆಯಲ್ಲಿ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿಕೊಳ್ಳಿ.

ಪ್ರಶ್ನೆ: ಡೌನ್‌ಲೋಡ್ ಪುಟದಲ್ಲಿ ಒಂದು ಜಿಪ್ ಇದೆ, ಒಂದು ವಾರ್ ಫೈಲ್ ಇದೆ. ನನ್ನದು ಬರೀ ಟರ್ಮಿನಲ್ ಇರುವ ಲಿನಕ್ಸ್ ಸರ್ವರ್. ಯಾವುದನ್ನು ತೆಗೆದುಕೊಳ್ಳಲಿ? ಜಾವಾ ಯಾವುದು ಬೇಕು? ಹಾಕಿ ನೋಡಿದೆ, ಏನೋ ಕ್ಲಾಸ್ ವರ್ಷನ್ ಅಂತ ಬೈಯುತ್ತಿದೆ.

ಉತ್ತರ: ಆ ಯಂತ್ರದಲ್ಲಿ ಬೇರೆ ಜಾವಾ ಆ್ಯಪ್‌ಗಳು ಇಲ್ಲ ಅಂದರೆ ಜಿಪ್ ತೆಗೆದುಕೊಳ್ಳಿ. ಅದರೊಳಗೆ ಜೆಟ್ಟಿ ಅನ್ನುವ ಸಣ್ಣ ವೆಬ್ ಸರ್ವರ್ ಜೊತೆಗೇ ಬರುತ್ತದೆ, ನೀವು ಬೇರೇನೂ ಹಾಕಬೇಕಿಲ್ಲ. ಆಗಲೇ ಟಾಮ್‌ಕ್ಯಾಟ್ (ಜಾವಾ ಆ್ಯಪ್‌ಗಳನ್ನು ಓಡಿಸುವ ವೆಬ್ ಸರ್ವರ್) ಓಡುತ್ತಿದೆ, ಅದನ್ನು ನೋಡಿಕೊಳ್ಳಲು ಜನ ಇದ್ದಾರೆ ಅಂದರೆ ಮಾತ್ರ ವಾರ್ ಫೈಲ್, ಅದು ಟಾಮ್‌ಕ್ಯಾಟ್‌ನೊಳಗೆ ಹಾಕುವ ಕಟ್ಟು.

ಜಾವಾ ವಿಷಯಕ್ಕೆ ಬರೋಣ. ನಿಮ್ಮ ಪರದೆ ಮೇಲೆ ಬಂದ ದೋಷದಲ್ಲೇ ಉತ್ತರ ಇದೆ. ಅದರಲ್ಲಿ ಎರಡು ಸಂಖ್ಯೆ ಇರುತ್ತವೆ, ಈ ಕ್ಲಾಸ್ ಫೈಲ್ 61.0, ನನಗೆ ಗೊತ್ತಿರುವುದು 55.0ವರೆಗೆ ಅನ್ನುವ ರೀತಿಯಲ್ಲಿ. ಆ ಸಂಖ್ಯೆಯಿಂದ 44 ಕಳೆಯಿರಿ. 61ರಲ್ಲಿ 44 ಹೋದರೆ 17, ಅಂದರೆ ಅದಕ್ಕೆ ಜಾವಾ 17 ಬೇಕು. 55ರಲ್ಲಿ 44 ಹೋದರೆ 11, ಅಂದರೆ ಈಗ ಓಡುತ್ತಿರುವುದು ಜಾವಾ 11. ಈ ಲೆಕ್ಕ ಯಾವ ಜಾವಾ ತಂತ್ರಾಂಶಕ್ಕಾದರೂ ನಡೆಯುತ್ತದೆ, ನೆನಪಿಟ್ಟುಕೊಳ್ಳಿ, ತುಂಬಾ ಸಮಯ ಉಳಿಯುತ್ತದೆ. ಜಿಯೋಸರ್ವರ್ 2.22ರವರೆಗೆ ಜಾವಾ 8ರ ಮೇಲೂ ಓಡುತ್ತಿತ್ತು. 2.23ರಿಂದ ಕನಿಷ್ಠ 11 ಬೇಕಾಯಿತು, 2.28ರಿಂದ ಕನಿಷ್ಠ 17. ಹೊಸದಾಗಿ ಹಾಕುವವರು ಓಪನ್‌ಜೆಡಿಕೆ 17 ಹಾಕಿಕೊಂಡುಬಿಡಿ.

ಆಮೇಲೆ ಇನ್ನೊಂದು. ಟರ್ಮಿನಲ್‌ನಲ್ಲಿ ಜಾವಾ ವರ್ಷನ್ ಕೇಳಿದರೆ 17 ಅಂತಲೇ ತೋರಿಸುತ್ತದೆ, ಆದರೂ ಅದೇ ದೋಷ ಬರುತ್ತದೆ ಅಂತ ತುಂಬಾ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಸ್ಟಾರ್ಟಪ್ ಸ್ಕ್ರಿಪ್ಟ್ ಮೊದಲು ನೋಡುವುದು ಜಾವಾ ಹೋಮ್ ಅನ್ನುವ ಎನ್‌ವಿರಾನ್ಮೆಂಟ್ ವೇರಿಯಬಲನ್ನು. ಯಾರೋ ಯಾವತ್ತೋ ಅದರಲ್ಲಿ ಹಳೆಯ ಜಾವಾ ದಾರಿ ಬರೆದಿಟ್ಟಿರುತ್ತಾರೆ. ಅದನ್ನು ಎಕೋ ಮಾಡಿ ನೋಡಿ, ಸರಿಪಡಿಸಿ, ಮುಗಿಯಿತು.

ಪ್ರಶ್ನೆ: ಜಿಪ್ ಬಿಚ್ಚಿ, ಬಿನ್ ಫೋಲ್ಡರ್‌ನ ಸ್ಟಾರ್ಟಪ್.ಎಸ್‌ಎಚ್ ಓಡಿಸಿದೆ. ಬ್ರೌಸರ್‌ನಲ್ಲಿ 8080 ಪೋರ್ಟ್‌ನಲ್ಲಿ ಚೆನ್ನಾಗಿ ಬಂತು. ಟರ್ಮಿನಲ್ ಮುಚ್ಚಿದ ಕೂಡಲೇ ನಿಂತುಹೋಯಿತು. ಯಾವಾಗಲೂ ಓಡುತ್ತಲೇ ಇರಬೇಕಾದರೆ ಏನು ಮಾಡಬೇಕು?

ಉತ್ತರ: ನೀವು ಅದನ್ನು ನಿಮ್ಮ ಲಾಗಿನ್‌ನ ಒಳಗೆ ಓಡಿಸಿದಿರಿ. ನೀವು ಹೊರಟಾಗ ಅದೂ ಹೊರಟಿತು. ನೋಹಪ್ (ಲಾಗಿನ್ ಮುಗಿದರೂ ನಿಲ್ಲದಂತೆ ಓಡಿಸುವ ಆಜ್ಞೆ) ಹಾಕಿ ಓಡಿಸಿ ಅಂತ ಯಾರಾದರೂ ಹೇಳಬಹುದು, ಬೇಡ. ಯಂತ್ರ ರೀಬೂಟ್ ಆದಾಗ ಮತ್ತೆ ಯಾರು ಎಬ್ಬಿಸುತ್ತಾರೆ? ಇದನ್ನು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ವ್ಯವಸ್ಥೆ) ಸರ್ವಿಸ್ ಮಾಡಿ. ಅದಕ್ಕೆ ಮುಂಚೆ ಎರಡು ಕೆಲಸ ಇವೆ. ಈ ಇಡೀ ಅಂಕಣದಲ್ಲಿ ಒಂದೇ ಒಂದು ಉತ್ತರ ಓದುತ್ತೀರಿ ಅಂದರೆ ಇದನ್ನೇ ಓದಿ.

ಮೊದಲನೆಯದು, ಜಿಯೋಸರ್ವರ್‌ಗೆ ಅಂತಲೇ ಒಬ್ಬ ಯೂಸರನ್ನು ಮಾಡಿ. ಲಾಗಿನ್ ಆಗಲು ಬಾರದ ಸಿಸ್ಟಮ್ ಯೂಸರ್ ಸಾಕು. ರೂಟ್ ಆಗಿ ಯಾವತ್ತೂ ಓಡಿಸಬೇಡಿ. ನಾಳೆ ಯಾರಾದರೂ ಒಳಗೆ ನುಗ್ಗಿದರೆ ರೂಟ್ ಆಗಿದ್ದಾಗ ಇಡೀ ಯಂತ್ರ ಹೋಗುತ್ತದೆ, ಬೇರೆ ಯೂಸರ್ ಆಗಿದ್ದರೆ ಆ ಯೂಸರ್‌ನ ಕೈಗೆ ಎಟುಕುವಷ್ಟು ಮಾತ್ರ.

ಎರಡನೆಯದು, ಡೇಟಾ ಫೋಲ್ಡರನ್ನು ತಂತ್ರಾಂಶದಿಂದ ಬೇರೆ ಮಾಡಿ. ಜಿಯೋಸರ್ವರ್‌ನಲ್ಲಿ ನೀವು ಮಾಡುವ ಪ್ರತಿ ಲೇಯರ್, ಪ್ರತಿ ಸ್ಟೈಲ್, ಪ್ರತಿ ಪಾಸ್‌ವರ್ಡ್ ಹೋಗಿ ಕೂರುವುದು ಡೇಟಾ ಡೈರೆಕ್ಟರಿ ಅನ್ನುವ ಒಂದೇ ಫೋಲ್ಡರ್‌ನಲ್ಲಿ. ನೀವು ಏನೂ ಹೇಳದಿದ್ದರೆ ಅದು ತಂತ್ರಾಂಶದ ಹೊಟ್ಟೆಯೊಳಗೇ ಇರುತ್ತದೆ. ಟಾಮ್‌ಕ್ಯಾಟ್ ಬಳಸುವವರಿಗಂತೂ ಇದು ತುಂಬಾ ಅಪಾಯ. ವೆಬ್‌ಆ್ಯಪ್ಸ್ ಫೋಲ್ಡರ್‌ಗೆ ಹೊಸ ವಾರ್ ಫೈಲ್ ಹಾಕಿದರೆ ಟಾಮ್‌ಕ್ಯಾಟ್ ಹಳೆಯ ಬಿಚ್ಚಿದ ಫೋಲ್ಡರನ್ನು ತಾನಾಗಿಯೇ ಅಳಿಸಿ ಹೊಸದನ್ನು ಬಿಚ್ಚುತ್ತದೆ, ಅದರೊಳಗಿದ್ದ ಡೇಟಾ ಕೂಡ ಅದರ ಜೊತೆಗೇ ಹೋಗುತ್ತದೆ. ನನ್ನ ಕಣ್ಣೆದುರೇ ಒಂದು ಸಲ ಹೀಗಾಯಿತು. ಆವೃತ್ತಿ ಬದಲಿಸಿ ಬ್ರೌಸರ್ ರಿಫ್ರೆಶ್ ಮಾಡಿದೆ. ಲೇಯರ್‌ಗಳ ಪಟ್ಟಿಯಲ್ಲಿ ತಂತ್ರಾಂಶದ ಜೊತೆ ಬರುವ ಮಾದರಿ ನಕ್ಷೆಗಳು ಮಾತ್ರ ಕೂತಿದ್ದವು. ವಾರಗಟ್ಟಲೆ ಕೂತು ಮಾಡಿದ ಸ್ಟೈಲ್‌ಗಳು ಒಂದೂ ಇರಲಿಲ್ಲ. ಬ್ಯಾಕಪ್ ಇರಲಿಲ್ಲ. ಅವತ್ತಿನಿಂದ ನಾನು ಮೊದಲು ಮಾಡುವ ಕೆಲಸವೇ ಇದು.

ಮಾಡುವುದು ಹೀಗೆ. ತಂತ್ರಾಂಶ ಆಪ್ಟ್ (ಒ-ಪಿ-ಟಿ) ಅನ್ನುವ ಡೈರೆಕ್ಟರಿ ಕೆಳಗೆ ಒಂದು ಫೋಲ್ಡರ್‌ನಲ್ಲಿ ಇರಲಿ. ಡೇಟಾ ಮಾತ್ರ ವಾರ್ (ವಿ-ಎ-ಆರ್, ವಾರ್ ಫೈಲ್ ಅಲ್ಲ) ಅನ್ನುವ ಡೈರೆಕ್ಟರಿ ಕೆಳಗೆ ಬೇರೊಂದು ಕಡೆ ಇರಲಿ. ಜಿಪ್‌ನ ಜೊತೆ ಬಂದ ಡೇಟಾ ಡೈರೆಕ್ಟರಿಯನ್ನು ಅಲ್ಲಿಗೆ ಕಾಪಿ ಮಾಡಿ, ಎರಡನ್ನೂ ಹೊಸ ಯೂಸರ್ ಹೆಸರಿಗೆ ಚೋನ್ ಮಾಡಿ, ಅಂದರೆ ಮಾಲೀಕತ್ವ ಬದಲಿಸಿ. ಇನ್ನು ಸಿಸ್ಟಮ್‌ಡಿಯ ಯೂನಿಟ್ ಫೈಲ್, ಅಂದರೆ ಸರ್ವಿಸನ್ನು ಹೇಗೆ ಓಡಿಸಬೇಕು ಅಂತ ಹೇಳುವ ಫೈಲ್. ಅದರಲ್ಲಿ ಯೂಸರ್ ಹೆಸರು ಕೊಡಿ. ಎನ್‌ವಿರಾನ್ಮೆಂಟ್ ಸಾಲುಗಳಲ್ಲಿ ಜಾವಾ ಹೋಮ್, ಜಿಯೋಸರ್ವರ್ ಹೋಮ್, ಜಿಯೋಸರ್ವರ್ ಡೇಟಾ ಡಿರ್ ಈ ಮೂರನ್ನೂ ಕೊಡಿ. ಎಲ್ಲ ದೊಡ್ಡಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್. ಎಕ್ಸೆಕ್ ಸ್ಟಾರ್ಟ್ ಸಾಲಿನಲ್ಲಿ ಸ್ಟಾರ್ಟಪ್.ಎಸ್‌ಎಚ್‌ನ ಪೂರ್ತಿ ದಾರಿ. ನಿಮ್ಮ ಲಾಗಿನ್‌ನ ಬ್ಯಾಷ್‌ಆರ್‌ಸಿ ಫೈಲ್‌ನಲ್ಲಿ ಬರೆದ ವೇರಿಯಬಲ್‌ಗಳು ಸಿಸ್ಟಮ್‌ಡಿಗೆ ಕಾಣಿಸುವುದೇ ಇಲ್ಲ, ಅದಕ್ಕೇ ಇವೆಲ್ಲ ಯೂನಿಟ್ ಫೈಲ್‌ನಲ್ಲೇ ಇರಬೇಕು. ಡೀಮನ್ ರೀಲೋಡ್ ಮಾಡಿ, ಎನೇಬಲ್ ಮಾಡಿ, ಸ್ಟಾರ್ಟ್ ಮಾಡಿ.

ಒಂದು ಸಣ್ಣ ವಿಷಯ. ಸರ್ವಿಸನ್ನು ನೀವಾಗಿಯೇ ನಿಲ್ಲಿಸಿದರೂ ಸಿಸ್ಟಮ್‌ಡಿ ಕೆಂಪಕ್ಷರದಲ್ಲಿ ಫೇಲ್ಡ್, 143 ಅಂತ ತೋರಿಸಬಹುದು. ಗಾಬರಿ ಬೇಡ. ನಿಲ್ಲು ಅಂತ ಕಳಿಸುವ ಸಿಗ್ನಲ್‌ನ ನಂಬರ್ 15, ಅದಕ್ಕೆ 128 ಸೇರಿಸಿ ಜಾವಾ 143 ಅಂತ ವಾಪಸ್ ಹೇಳುತ್ತದೆ ಅಷ್ಟೇ. ಯೂನಿಟ್ ಫೈಲ್‌ನಲ್ಲಿ ಸಕ್ಸೆಸ್ ಎಕ್ಸಿಟ್ ಸ್ಟೇಟಸ್ 143 ಅಂತ ಒಂದು ಸಾಲು ಸೇರಿಸಿದರೆ ಸುಮ್ಮನಾಗುತ್ತದೆ.

ಪ್ರಶ್ನೆ: ಟಾಮ್‌ಕ್ಯಾಟ್ 10ರಲ್ಲಿ ವಾರ್ ಫೈಲ್ ಹಾಕಿದೆ. ಟಾಮ್‌ಕ್ಯಾಟ್ ಓಡುತ್ತಿದೆ, ಫೋಲ್ಡರ್ ಬಿಚ್ಚಿಕೊಂಡಿದೆ, ಆದರೆ ಪುಟ ತೆಗೆದರೆ 404. ಮೂರು ದಿನ ಆಯಿತು.

ಉತ್ತರ: ನಿಮ್ಮ ತಪ್ಪಿಲ್ಲ. ಟಾಮ್‌ಕ್ಯಾಟ್ 10ರಲ್ಲಿ ಜಾವಾ ಲೈಬ್ರರಿಗಳ ಹೆಸರೇ ಬದಲಾಗಿದೆ. ಮೊದಲು ಜಾವಾಎಕ್ಸ್ ಅಂತ ಶುರುವಾಗುತ್ತಿದ್ದವು ಈಗ ಜಕಾರ್ತ ಅಂತ ಶುರುವಾಗುತ್ತವೆ. ಜಿಯೋಸರ್ವರ್ 2 ಸರಣಿ ಹಳೆಯ ಹೆಸರಿನಲ್ಲೇ ಹುಡುಕುತ್ತದೆ, ಸಿಗುವುದಿಲ್ಲ, ಏಳುವುದಿಲ್ಲ. ಇದಕ್ಕೆ ಟಾಮ್‌ಕ್ಯಾಟ್ 9 ಬೇಕು. ಕಷ್ಟ ಏನೆಂದರೆ ಡೆಬಿಯನ್ 12, ಉಬುಂಟು 24.04 ಇವುಗಳ ಭಂಡಾರದಲ್ಲಿ ಸರ್ವರ್ ಆಗಿ ಸಿಗುವುದು ಟಾಮ್‌ಕ್ಯಾಟ್ 10 ಮಾತ್ರ. ಹಾಗಾಗಿ ಅಪಾಚೆಯ ತಾಣದಿಂದ 9ನ್ನು ಟಾರ್ ಫೈಲ್ ಆಗಿ ಇಳಿಸಿಕೊಂಡು ನೀವೇ ಹಾಕಬೇಕು, ಇಲ್ಲವೇ ಜೆಟ್ಟಿ ಇರುವ ಜಿಪ್‌ಗೆ ಹೋಗಬೇಕು. ನನ್ನನ್ನು ಕೇಳಿದರೆ ಜಿಪ್ಪೇ ಸುಲಭ.

ಪ್ರಶ್ನೆ: ಹಳೆಯ ಉಬುಂಟುವಿನಲ್ಲಿ ಪ್ಯಾಕೇಜ್ ಆಗಿ ಬಂದ ಟಾಮ್‌ಕ್ಯಾಟ್ 9 ಇದೆ. ಡೇಟಾ ಫೋಲ್ಡರನ್ನು ಹೊರಗೆ ಇಟ್ಟೆ. ಚೋನ್ ಮಾಡಿದೆ, 777 (ಎಲ್ಲರಿಗೂ ಎಲ್ಲ ಅನುಮತಿ) ಕೂಡ ಕೊಟ್ಟು ನೋಡಿದೆ. ಆದರೂ ಲಾಗ್‌ನಲ್ಲಿ ರೀಡ್ ಓನ್ಲಿ ಫೈಲ್ ಸಿಸ್ಟಮ್ ಅಂತ ಬರುತ್ತದೆ. ಡಿಸ್ಕ್ ಹಾಳಾಗಿದೆಯಾ?

ಉತ್ತರ: ಡಿಸ್ಕ್ ಚೆನ್ನಾಗಿಯೇ ಇದೆ. ಮೊದಲು ಆ 777 ತೆಗೆಯಿರಿ. ಇದು ಪರ್ಮಿಷನ್ ಸಮಸ್ಯೆಯೇ ಅಲ್ಲ. ಡೆಬಿಯನ್, ಉಬುಂಟು ಪ್ಯಾಕೇಜ್‌ನ ಟಾಮ್‌ಕ್ಯಾಟ್‌ಗೆ ಸಿಸ್ಟಮ್‌ಡಿ ಒಂದು ಬೇಲಿ ಹಾಕಿರುತ್ತದೆ. ತನ್ನ ಲಾಗ್ ಫೋಲ್ಡರ್, ವೆಬ್‌ಆ್ಯಪ್ಸ್ ಫೋಲ್ಡರ್ ಇಂಥ ಕೆಲವು ಜಾಗ ಬಿಟ್ಟರೆ ಉಳಿದ ಡಿಸ್ಕ್ ಎಲ್ಲ ಅದರ ಕಣ್ಣಿಗೆ ಓದಲು ಮಾತ್ರ. ಸಿಸ್ಟಮ್‌ಸಿಟಿಎಲ್ ಎಡಿಟ್ ಅಂತ ಕೊಟ್ಟು ಟಾಮ್‌ಕ್ಯಾಟ್ ಸರ್ವಿಸ್ ತೆಗೆಯಿರಿ, ಸರ್ವಿಸ್ ಭಾಗದಲ್ಲಿ ರೀಡ್ ರೈಟ್ ಪಾತ್ಸ್ ಅನ್ನುವ ಸಾಲಿನಲ್ಲಿ ನಿಮ್ಮ ಡೇಟಾ ಫೋಲ್ಡರ್‌ನ ದಾರಿ ಬರೆಯಿರಿ, ರೀಸ್ಟಾರ್ಟ್ ಮಾಡಿ. ಬೇಲಿ ಕಿತ್ತುಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಒಂದು ಗೇಟ್ ಇಟ್ಟುಕೊಂಡರೆ ಸಾಕು.

ಪ್ರಶ್ನೆ: ನನ್ನ ಸರ್ವರ್‌ನಲ್ಲಿ 2 ಜಿಬಿ ಮೆಮೊರಿ ಇದೆ. ದೊಡ್ಡ ನಕ್ಷೆ ಕೇಳಿದರೆ ಔಟ್ ಆಫ್ ಮೆಮೊರಿ ಬರುತ್ತಿತ್ತು. ಅದಕ್ಕೆ ಜಾವಾಗೆ ಪೂರ್ತಿ 2 ಜಿಬಿ ಕೊಟ್ಟೆ. ಈಗ ದೋಷವೂ ಬರುವುದಿಲ್ಲ, ಸುಮ್ನೆ ಮಾಯವಾಗುತ್ತದೆ.

ಉತ್ತರ: ಮೊದಲು ಆಗುತ್ತಿದ್ದುದು ಒಂದು, ಈಗ ಆಗುತ್ತಿರುವುದು ಬೇರೆ. ಏನೂ ಹೇಳದಿದ್ದರೆ ಜಾವಾ ಯಂತ್ರದ ಮೆಮೊರಿಯ ನಾಲ್ಕನೇ ಒಂದು ಭಾಗವನ್ನು ಮಾತ್ರ ತನ್ನ ಹೀಪ್‌ಗೆ, ಅಂದರೆ ಆ್ಯಪ್‌ನ ಡೇಟಾ ಇಡುವ ಜಾಗಕ್ಕೆ, ಇಟ್ಟುಕೊಳ್ಳುತ್ತದೆ. ನಿಮ್ಮ 2 ಜಿಬಿಯಲ್ಲಿ ಅದು 512 ಎಂಬಿ. ಅದು ಸಾಲದೇ ಜಾವಾ ದೋಷ ಕೊಡುತ್ತಿತ್ತು. ಈಗ 2 ಜಿಬಿಯನ್ನೂ ಕೊಟ್ಟಿರಿ. ಆದರೆ ಹೀಪ್‌ನ ಹೊರಗೂ ಜಾವಾಗೆ ಜಾಗ ಬೇಕು, ಲಿನಕ್ಸ್‌ಗೂ ಬೇಕು. ಮೆಮೊರಿ ಖಾಲಿಯಾದಾಗ ಕರ್ನಲ್ ಸಾಮಾನ್ಯವಾಗಿ ಎಲ್ಲರಿಗಿಂತ ಜಾಸ್ತಿ ತಿನ್ನುತ್ತಿರುವ ಪ್ರಕ್ರಿಯೆಯನ್ನು ಹುಡುಕಿ ಕೊಲ್ಲುತ್ತದೆ, ನಿಮ್ಮಲ್ಲಿ ಅದು ಜಾವಾ. ಜಿಯೋಸರ್ವರ್‌ಗೆ ಲಾಗ್ ಬರೆಯಲೂ ಸಮಯ ಸಿಗುವುದಿಲ್ಲ. ಡಿಮೆಸ್ಗ್ (ಡಿ-ಎಂ-ಇ-ಎಸ್-ಜಿ) ಅನ್ನುವ ಆಜ್ಞೆ ಕೊಟ್ಟು ನೋಡಿ, ಕೊಂದ ಸುದ್ದಿ ಅಲ್ಲಿ ಸಾಲಾಗಿ ಬರೆದಿರುತ್ತದೆ.

2 ಜಿಬಿ ಯಂತ್ರದಲ್ಲಿ ಹೀಪ್ 1 ಜಿಬಿ ಇರಲಿ. ಜಾವಾ ಆಪ್ಟ್ಸ್ ವೇರಿಯಬಲ್‌ನಲ್ಲಿ ಎಕ್ಸ್‌ಎಂಎಕ್ಸ್ 1ಜಿ ಅಂತ ಕೊಟ್ಟರೆ ಸಾಕು, ಅದನ್ನೂ ಯೂನಿಟ್ ಫೈಲ್‌ನಲ್ಲೇ. ಆಮೇಲೆ ಈ ಲೆಕ್ಕ ನೋಡಿ. ಒಂದು ನಕ್ಷೆ ಚಿತ್ರ ಬಿಡಿಸಲು ಒಂದು ಪಿಕ್ಸೆಲ್‌ಗೆ 4 ಬೈಟ್ ಬೇಕು. 4096ಕ್ಕೆ 4096 ಪಿಕ್ಸೆಲ್‌ನ ಒಂದೇ ಚಿತ್ರಕ್ಕೆ 64 ಎಂಬಿ ಆಯಿತು. ಹದಿನಾರು ಜನ ಒಟ್ಟಿಗೆ ಕೇಳಿದರೆ 1 ಜಿಬಿ ಮುಗಿಯಿತು. ಡಬ್ಲ್ಯುಎಂಎಸ್ ಸೆಟ್ಟಿಂಗ್‌ನಲ್ಲಿ ಒಂದು ಕೋರಿಕೆಗೆ ಇಷ್ಟೇ ಮೆಮೊರಿ ಅನ್ನುವ ಮಿತಿ ಇದೆ, ಅಲ್ಲಿ ಮೊದಲೇ ಇರುವ 65536 ಕೆಬಿ ಅಂದರೆ ಇದೇ 64 ಎಂಬಿ. ನಿಮ್ಮದು ಸಣ್ಣ ಯಂತ್ರ, ಅದನ್ನು 16384ಕ್ಕೆ ಇಳಿಸಿ. ಆಗಲೂ 2048ಕ್ಕೆ 2048 ಚಿತ್ರ ಸಿಗುತ್ತದೆ. ಸಾಮಾನ್ಯ ಪರದೆಗೆ ಅದು ಬೇಕಾದಷ್ಟಾಯಿತು ಅಲ್ವಾ?

ಪ್ರಶ್ನೆ: ಎನ್‌ಜಿನ್‌ಎಕ್ಸ್ ಅನ್ನುವ ವೆಬ್ ಸರ್ವರನ್ನು ಜಿಯೋಸರ್ವರ್ ಮುಂದಿಟ್ಟು ಎಚ್‌ಟಿಟಿಪಿಎಸ್ ಹಾಕಿದ ಮೇಲೆ ಅಡ್ಮಿನ್ ಲಾಗಿನ್ ಆಗುತ್ತಿಲ್ಲ, 400 ಅಂತ ಬರುತ್ತದೆ. ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಲೇಯರ್ ಪಟ್ಟಿ ಬರುತ್ತದೆ, ನಕ್ಷೆ ಬರುವುದಿಲ್ಲ.

ಉತ್ತರ: ಎರಡಕ್ಕೂ ಕಾರಣ ಒಂದೇ. ಜಿಯೋಸರ್ವರ್‌ಗೆ ತನ್ನ ಹೊರಗಿನ ಹೆಸರು ಗೊತ್ತಿಲ್ಲ, ತಾನು ಲೋಕಲ್‌ಹೋಸ್ಟ್ 8080 ಅಂದುಕೊಂಡೇ ಕೂತಿದೆ. ಲಾಗಿನ್ ಫಾರ್ಮ್ ಬೇರೆ ಹೆಸರಿನಿಂದ ಬಂದದ್ದನ್ನು ನೋಡಿ ಇದು ಮೋಸ ಇರಬಹುದು ಅಂತ ತಡೆಯುತ್ತದೆ. ಕ್ಯೂಜಿಐಎಸ್ ಕೇಳಿದಾಗ ನಕ್ಷೆ ಇಲ್ಲಿ ಸಿಗುತ್ತದೆ ಅಂತ ತನ್ನ ಒಳವಿಳಾಸವನ್ನೇ ಕೊಡುತ್ತದೆ, ಹೊರಗಿನವರಿಗೆ ಆ ವಿಳಾಸ ತೆರೆಯುವುದಿಲ್ಲ. ಗ್ಲೋಬಲ್ ಸೆಟ್ಟಿಂಗ್‌ನಲ್ಲಿ ಪ್ರಾಕ್ಸಿ ಬೇಸ್ ಯುಆರ್‌ಎಲ್ ಅನ್ನುವ ಜಾಗದಲ್ಲಿ ಎಚ್‌ಟಿಟಿಪಿಎಸ್ ಸಮೇತ ಪೂರ್ತಿ ಹೊರವಿಳಾಸ ಬರೆಯಿರಿ. ಲಾಗಿನ್‌ಗೆ ಜಿಯೋಸರ್ವರ್ ಸಿಎಸ್‌ಆರ್‌ಎಫ್ ವೈಟ್‌ಲಿಸ್ಟ್ ಅನ್ನುವ ವೇರಿಯಬಲ್‌ನಲ್ಲಿ ನಿಮ್ಮ ಡೊಮೈನ್ ಹೆಸರು ಕೊಡಿ. ಲಾಗಿನ್ ಆಗದೆ ಸೆಟ್ಟಿಂಗ್ ಹೇಗೆ ಬದಲಿಸಲಿ ಅಂದರೆ, ಎಸ್‌ಎಸ್‌ಎಚ್ ಟನಲ್ ಮಾಡಿಕೊಂಡು ನಿಮ್ಮ ಯಂತ್ರದಿಂದಲೇ ಲೋಕಲ್‌ಹೋಸ್ಟ್ ಆಗಿ ಒಳಗೆ ಹೋಗಿ.

ಇದೆಲ್ಲ ಆದ ಮೇಲೆ 8080ನ್ನು ಹೊರಗಿನವರಿಗೆ ಮುಚ್ಚಲು ಮರೆಯಬೇಡಿ. ಸ್ಟಾರ್ಟ್.ಐಎನ್‌ಐ ಫೈಲ್‌ನಲ್ಲಿ ಜೆಟ್ಟಿಯ ಹೋಸ್ಟ್ ಲೋಕಲ್‌ಹೋಸ್ಟ್ ಅಂತ ಇಟ್ಟರೆ ಎನ್‌ಜಿನ್‌ಎಕ್ಸ್ ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಪ್ರಶ್ನೆ: ಊರುಗಳ ಹೆಸರನ್ನು ಕನ್ನಡದಲ್ಲೇ ತೋರಿಸಬೇಕು ಅಂತ ಆಸೆ. ಶೇಪ್‌ಫೈಲ್‌ನಲ್ಲಿ ಕನ್ನಡ ಇದೆ. ನಕ್ಷೆಯಲ್ಲಿ ಒಮ್ಮೆ ಚೌಕಗಳು ಬರುತ್ತವೆ, ಇನ್ನೊಂದು ಲೇಯರ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ.

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ತುಂಬಾ ಖುಷಿ. ಎರಡೂ ಬೇರೆ ಬೇರೆ ಕಾಯಿಲೆ, ಬೇರೆ ಬೇರೆ ಮದ್ದು. ಚೌಕ ಬಂದರೆ ಅಕ್ಷರ ಸರಿಯಾಗಿ ಓದಿದೆ, ಬರೆಯಲು ಫಾಂಟ್ ಇಲ್ಲ. ಪರದೆ ಇಲ್ಲದ ಲಿನಕ್ಸ್ ಸರ್ವರ್‌ನಲ್ಲಿ ಎಷ್ಟೋ ಸಲ ಒಂದು ಫಾಂಟೂ ಇರುವುದಿಲ್ಲ. ಫಾಂಟ್‌ಕಾನ್ಫಿಗ್ ಪ್ಯಾಕೇಜ್ ಹಾಕಿ, ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ, ಜಿಯೋಸರ್ವರ್ ರೀಸ್ಟಾರ್ಟ್ ಮಾಡಿ. ಆಮೇಲೆ ಅಡ್ಮಿನ್ ಪುಟದ ಸರ್ವರ್ ಸ್ಟೇಟಸ್‌ಗೆ ಹೋದರೆ ತನಗೆ ಕಾಣುವ ಫಾಂಟ್‌ಗಳ ಪಟ್ಟಿ ಕೊಡುತ್ತದೆ. ಅದರಲ್ಲಿ ಹೆಸರು ಹೇಗಿದೆಯೋ ಅದೇ ರೀತಿ, ಸ್ಪೇಸ್ ಕೂಡ ತಪ್ಪದಂತೆ, ಸ್ಟೈಲ್‌ನ ಫಾಂಟ್ ಫ್ಯಾಮಿಲಿಯಲ್ಲಿ ಬರೆಯಿರಿ. ಒತ್ತಕ್ಷರ ಕೂಡುತ್ತದೋ ಇಲ್ಲವೋ ಅಂತ ಹೆದರಬೇಡಿ, ಓಪನ್‌ಜೆಡಿಕೆ 9ರಿಂದ ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಮಾಡುತ್ತದೆ. ನಮ್ಮ ಲಿಪಿ ಅದಕ್ಕೆ ಚೆನ್ನಾಗಿ ಗೊತ್ತು.

ರೋಮನ್ ಅಕ್ಷರಗಳ ಗೋಜಲು ಬಂದರೆ ಫಾಂಟ್ ಮುಟ್ಟಬೇಡಿ. ಶೇಪ್‌ಫೈಲ್‌ನ ಹೆಸರುಗಳು ಇರುವುದು ಅದರ ಜೊತೆಗಿನ ಡಿಬಿಎಫ್ ಫೈಲ್‌ನಲ್ಲಿ. ಜಿಯೋಸರ್ವರ್ ಅದನ್ನು ಐಎಸ್ಒ 8859-1 ಅಂತ ಅಂದುಕೊಂಡು ಓದುತ್ತದೆ, ನಿಮ್ಮದು ಯುಟಿಎಫ್-8 ಇರುತ್ತದೆ. ಸ್ಟೋರ್ ತೆಗೆದು ಡಿಬಿಎಫ್ ಚಾರ್‌ಸೆಟ್ ಅನ್ನುವಲ್ಲಿ ಯುಟಿಎಫ್-8 ಆರಿಸಿ, ಸೇವ್ ಮಾಡಿ. ಅಷ್ಟೇ.

ಹೆಸರುಗಳ ಕೊನೆ ತುಂಡಾಗುತ್ತಿದ್ದರೆ ಅದಕ್ಕೂ ಕಾರಣ ಇದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಒತ್ತು, ಕಾಗುಣಿತ ಎಲ್ಲ ಪ್ರತ್ಯೇಕ ಚಿಹ್ನೆಗಳು. ಡಿಬಿಎಫ್ ಕಾಲಂ 20 ಬೈಟ್ ಅಗಲ ಇದ್ದರೆ ಆರೇ ಚಿಹ್ನೆ ಹಿಡಿಯುತ್ತದೆ. ಇದಕ್ಕೆ ಒಳ್ಳೆಯ ದಾರಿ ಎಂದರೆ ಶೇಪ್‌ಫೈಲ್ ಬಿಟ್ಟು ಜಿಯೋಪ್ಯಾಕೇಜ್ ಅನ್ನುವ ಇನ್ನೊಂದು ಬಗೆಯ ನಕ್ಷೆ ಫೈಲ್‌ಗೆ ಬದಲಿಸುವುದು. ಅದರಲ್ಲಿ ಈ ಅಗಲದ ತಾಪತ್ರಯವೂ ಇಲ್ಲ, ಚಾರ್‌ಸೆಟ್‌ನ ತಾಪತ್ರಯವೂ ಇಲ್ಲ.

ಪ್ರಶ್ನೆ: ನಮ್ಮದು ಒಳಗಿನ ಬಳಕೆಗೆ ಮಾತ್ರ. ಎರಡು ವರ್ಷ ಹಿಂದೆ ಹಾಕಿದ 2.24.2 ಚೆನ್ನಾಗಿ ಓಡುತ್ತಿದೆ. ಮುಟ್ಟದೇ ಬಿಡಬಹುದಾ?

ಉತ್ತರ: ಬಿಡಬೇಡಿ, ದಯವಿಟ್ಟು. 2024ರಲ್ಲಿ ಸಿವಿಇ-2024-36401 ಅನ್ನುವ ದೋಷ ಹೊರಬಿತ್ತು. ಪಾಸ್‌ವರ್ಡ್ ಇಲ್ಲದೆ, ಲಾಗಿನ್ ಆಗದೆ, ಒಂದು ಮಾಮೂಲಿ ಡಬ್ಲ್ಯುಎಫ್‌ಎಸ್ ಕೋರಿಕೆಯೊಳಗೆ ತಮಗೆ ಬೇಕಾದ ಆಜ್ಞೆ ತುರುಕಿ ನಿಮ್ಮ ಯಂತ್ರದಲ್ಲಿ ಓಡಿಸಬಹುದಾದ ದೋಷ. ತೀವ್ರತೆ 10ಕ್ಕೆ 9.8. ದಾಳಿಕೋರರು ಅದನ್ನು ನಿಜವಾಗಿಯೂ ಬಳಸಿದರು. 2.23.6, 2.24.4, 2.25.2 ಇವುಗಳಲ್ಲಿ ಸರಿಪಡಿಸಿದರು, ನಿಮ್ಮ 2.24.2 ಅದಕ್ಕಿಂತ ಹಿಂದಿನದು. ಒಳಗಿನ ಬಳಕೆ ಅಂದರೂ, ಒಳಗಿನ ಒಂದು ಯಂತ್ರಕ್ಕೆ ಯಾರಾದರೂ ಬಂದರೆ ಅಲ್ಲಿಂದ ಇಲ್ಲಿಗೆ ಒಂದೇ ಹೆಜ್ಜೆ.

ಡೇಟಾ ಫೋಲ್ಡರ್ ಹೊರಗಿದ್ದರೆ ಆವೃತ್ತಿ ಬದಲಿಸುವುದು ಕಷ್ಟದ ಕೆಲಸ ಅಲ್ಲ. ಸರ್ವಿಸ್ ನಿಲ್ಲಿಸಿ, ಡೇಟಾ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿಟ್ಟುಕೊಳ್ಳಿ. ಹೊಸ ಆವೃತ್ತಿಗೆ ಯಾವ ಜಾವಾ ಬೇಕು ಅಂತ ಮೊದಲೇ ನೋಡಿ, ಹಳೆಯದಿದ್ದರೆ ಅದನ್ನೂ ಬದಲಿಸಿ. ಹೊಸ ಜಿಪ್ಪನ್ನು ಹಳೆಯದರ ಮೇಲೆ ಬಿಚ್ಚಬೇಡಿ, ಪಕ್ಕದಲ್ಲಿ ಬೇರೆ ಫೋಲ್ಡರ್‌ನಲ್ಲಿ ಬಿಚ್ಚಿ, ಯೂನಿಟ್ ಫೈಲ್‌ನಲ್ಲಿ ದಾರಿ ಬದಲಿಸಿ ಎಬ್ಬಿಸಿ. ಪ್ಲಗಿನ್ ಹಾಕಿದ್ದರೆ ಅವುಗಳ ಆವೃತ್ತಿ ಜಿಯೋಸರ್ವರ್ ಆವೃತ್ತಿಗೆ ಕೊನೆಯ ಅಂಕಿವರೆಗೂ ಒಂದೇ ಇರಬೇಕು, ಹಳೆಯ ಜಾರ್ ಫೈಲ್‌ಗಳನ್ನು ಹೊತ್ತು ತರಬೇಡಿ. ಏಳಲಿಲ್ಲ ಅಂದರೆ ಹಳೆಯ ದಾರಿ ವಾಪಸ್ ಬರೆದು, ಕಾಪಿ ಮಾಡಿಟ್ಟ ಡೇಟಾವನ್ನು ಜಾಗಕ್ಕೆ ಇಟ್ಟರೆ ಮೊದಲಿನಂತೆ ಆಗುತ್ತದೆ, ಆಮೇಲೆ ಡೇಟಾ ಫೋಲ್ಡರ್‌ನ ಲಾಗ್ಸ್ ಒಳಗಿನ ಜಿಯೋಸರ್ವರ್.ಲಾಗ್ ತೆಗೆದು ಮೊದಲ ದೋಷದ ಸಾಲನ್ನು ಹುಡುಕಿ. ಕೊನೆಯ ಸಾಲಲ್ಲ, ಮೊದಲನೆಯದು. ಉಳಿದವು ಅದರ ಹಿಂದೆ ಬಂದವು.

ಪ್ರಶ್ನೆ: ಅಡ್ಮಿನ್ ಪಾಸ್‌ವರ್ಡ್ ಏನು? ಎಲ್ಲೂ ಬರೆದಿಲ್ಲ.

ಉತ್ತರ: ಯೂಸರ್ ಹೆಸರು ಅಡ್ಮಿನ್, ಪಾಸ್‌ವರ್ಡ್ ಜಿಯೋಸರ್ವರ್, ಎರಡೂ ಸಣ್ಣಕ್ಷರದಲ್ಲಿ. ಇದು ಲೋಕಕ್ಕೆಲ್ಲ ಗೊತ್ತು. ಒಳಗೆ ಹೋದ ಕೂಡಲೇ ಬದಲಿಸಿ, ಪೋರ್ಟ್ ತೆರೆಯುವುದು ಆಮೇಲೆ.